ತಂಗಿಯ ಮಿದುಳಿನ ಗೆರೆಗಳು

ಬೆಳಗಿನ ಆರು ಗಂಟೆ. ಸರ್ಬಿಯಾದ ನಿಶ್ ನಗರದ ಮಾನಸಿಕ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ದೆಸಾಂಕಾ ತಂತಿ ಟೋಪಿಗಳನ್ನು ತೊಳೆಯುತ್ತಿದ್ದಾರೆ. ಒಂದೊಂದು ಟೋಪಿಗೂ ಮೂವತ್ತೆರಡು ತಂತಿ. ತುದಿಯಲ್ಲಿ ಹಳೆಯ ಅಂಟು ಉಳಿದರೆ ಮಿದುಳಿನ ಅಲೆ ಅಳೆಯುವ ಯಂತ್ರ ತಪ್ಪು ಗೆರೆ ಎಳೆಯುತ್ತದೆ. ಅದಕ್ಕೇ ಹಲ್ಲುಜ್ಜುವ ಬ್ರಷ್ ಹಿಡಿದು ಪ್ರತಿಯೊಂದನ್ನೂ ಉಜ್ಜುತ್ತಾರೆ.

ಇಲ್ಲಿಗೆ ಬರುವವರು ನಾಲ್ಕಾರು ಔಷಧಿ ಬದಲಾಯಿಸಿದರೂ ಖಿನ್ನತೆ ಇಳಿಯದವರು. ಟೋಪಿ ತೊಡಿಸಿ, ಪರದೆಯ ಮೇಲೆ ನಗುವ, ಅಳುವ, ಸಿಟ್ಟಿನ ಮುಖಗಳನ್ನು ತೋರಿಸುತ್ತಾ ಮಿದುಳಿನ ಸ್ಪಂದನವನ್ನು ದಾಖಲಿಸುವುದು ದೆಸಾಂಕಾ ಅವರ ಕೆಲಸ. ದಿನಕ್ಕೆ ನಾಲ್ಕು ಜನ. ಇಪ್ಪತ್ತಾರು ವರ್ಷದಿಂದ.

"ಏನ್ ಸಿಸ್ಟರ್, ತಲೆಗೆ ಮೆಣಸಿನಕಾಯಿ ಚಟ್ನಿ ಹಚ್ತಿದೀರಾ?" ಎನ್ನುತ್ತಾನೆ ಮೊದಲು ಬಂದ ಬಸ್ ಚಾಲಕ, ಟೋಪಿಯ ಅಂಟು ನೆತ್ತಿಗೆ ತಾಗುತ್ತಿದ್ದಂತೆ.

"ಒಳ್ಳೇ ಚಟ್ನೀನ ನಿನ್ನ ತಲೆಗೆ ಹಾಳು ಮಾಡ್ತೀನಾ? ಅಲ್ಲಾಡ್ಬೇಡ, ಕೂತ್ಕೊ."

ರೋಗಿಗಳಿಗೆ ಈ ಸಿಸ್ಟರ್ ಅಂದರೆ ಪ್ರಾಣ. ಹಾಗೆಂದರೆ ದೆಸಾಂಕಾ ತಲೆ ತಗ್ಗಿಸುತ್ತಾರೆ. "ನನ್ನ ತಂಗೀನ ಕೇಳಿ, ಗೊತ್ತಾಗತ್ತೆ."

ತಂಗಿ ಮಿಲುಂಕಾ ಹನ್ನೊಂದು ವರ್ಷ ಹಾಸಿಗೆ ಬಿಟ್ಟು ಏಳುವುದೇ ಅಪರೂಪವಾಗಿತ್ತು. ಒಂದು ವರ್ಷ, ಮನೆತನವನ್ನು ಕಾಯುವ ಸಂತನ ಹಬ್ಬದಂದು ಹೇಗೋ ಎದ್ದು, ತಲೆಯನ್ನೂ ಬಾಚದೆ ಊಟದ ಮೇಜಿಗೆ ಬಂದಳು. ಇಪ್ಪತ್ತು ಜನ ನೆಂಟರ ಎದುರಿಗೆ ಅಕ್ಕ ಅಂದದ್ದು: "ನೋಡ್ರಪ್ಪಾ, ಮಹಾರಾಣಿ ಎದ್ರು! ಊಟದ ಹೊತ್ತಿಗೆ ಸರಿಯಾಗಿ ನಾಟಕ ಮುಗೀತು." ಎಲ್ಲರೂ ನಕ್ಕರು. ಮಿಲುಂಕಾ ತಟ್ಟೆ ಮುಟ್ಟದೆ ಒಳಗೆ ಹೋದಳು.

"ಪಗಾರ ತಗೊಂಡು ಊರವರಿಗೆಲ್ಲ ಸಮಾಧಾನ ಹೇಳೋಳು ನಾನು. ಮನೇಲಿ ಅಂಥಾ ಮಾತಾಡಿದ್ದೆ," ಎನ್ನುತ್ತಾ ದೆಸಾಂಕಾ ಕೈಯೊರೆಸಿಕೊಳ್ಳುತ್ತಾರೆ.

ಮೂರು ವರ್ಷದ ಹಿಂದೆ ವೈದ್ಯರು ಮಿಲುಂಕಾಳನ್ನೂ ಇದೇ ಕುರ್ಚಿಗೆ ಕಳಿಸಿದರು. ಟೋಪಿ ತೊಡಿಸಿದ್ದು ಅಕ್ಕನೇ. ನಗುವ ಮುಖಗಳು ಬಂದಾಗ ಗೆರೆ ಅಷ್ಟಾಗಿ ಏಳಲಿಲ್ಲ. ಅಳುವ ಮುಖ ಬಂದಾಗ ಜಿಗಿದ ಗೆರೆ ಬೇಗ ಇಳಿಯಲೂ ಇಲ್ಲ. ಒಬ್ಬರ ಗೆರೆ ನೋಡಿ ಎಲ್ಲವನ್ನೂ ಹೇಳಲಾಗದು ಎಂದೇ ವೈದ್ಯರು ಮಾತು ತೆಗೆದರು. "ಆದ್ರೆ ಇದು ಸೋಮಾರಿತನ ಅಲ್ಲ ಸಿಸ್ಟರ್. ದುಃಖದಿಂದ ಬಿಡಿಸ್ಕೊಳ್ಳೋಕೆ ಈ ಮಿದುಳು ಎಷ್ಟು ಒದ್ದಾಡ್ತಿದೆ ನೋಡಿ."

ಅಂಟು ತೊಳೆಯಲು ಅಕ್ಕ ಕೂದಲಿಗೆ ನೀರು ಹಾಕುತ್ತಿದ್ದಾಗ ತಂಗಿ ಮೆಲ್ಲಗೆ ಕೇಳಿದಳು: "ಅಕ್ಕಾ, ಅದ್ರಲ್ಲಿ ನಾಟಕ ಕಾಣಿಸ್ತಾ?"

ದೆಸಾಂಕಾ ಅಂಟು ಹೋದ ಮೇಲೂ ಬಹಳ ಹೊತ್ತು ಆ ತಲೆ ತೊಳೆಯುತ್ತಲೇ ಇದ್ದರು.

ಹೊಸ ಚಿಕಿತ್ಸೆಯ ನಂತರ ಮಿಲುಂಕಾ ಈಗ ಮಾರುಕಟ್ಟೆಯವರೆಗೆ ಹೋಗಿ ಬರುತ್ತಾಳೆ. ಕೆಲವು ವಾರ ಅದೂ ಇಲ್ಲ. ಅಕ್ಕತಂಗಿಯರು ದಿನವೂ ಫೋನಿನಲ್ಲಿ ಹವೆ, ಅಡುಗೆ ಎಂದು ಮಾತಾಡುತ್ತಾರೆ. ಆ ಪ್ರಶ್ನೆಯ ಹತ್ತಿರ ಇಬ್ಬರೂ ಸುಳಿಯುವುದಿಲ್ಲ.

ಈ ಪತ್ರಿಕಾ ಲೇಖನಕ್ಕೆ ಫೋಟೊ ತೆಗೆಸಿಕೊಳ್ಳಲು ದೆಸಾಂಕಾ ಒಪ್ಪಲಿಲ್ಲ. "ಹೊಗಳಿ ಬರೀಬೇಡಿ, ನಾಚಿಕೆ ಆಗತ್ತೆ. ಹಬ್ಬದ ದಿನ ಅಂದೆನಲ್ಲ, ಅದನ್ನ ಬರೀರಿ. ತಪ್ಪು ನಂದು ಅಂತಾನೂ ಬರೀರಿ. ಮಿಲುಂಕಾ ಭಾನುವಾರದ ಪೇಪರ್ ಒಂದಕ್ಷರ ಬಿಡದೆ ಓದ್ತಾಳೆ. ಅವಳ ಮುಖ ನೋಡ್ಕೊಂಡು ಹೇಳೋ ಧೈರ್ಯ ನಂಗಿನ್ನೂ ಬಂದಿಲ್ಲ."