ತಣ್ಣೀರಿನ ರೊಟ್ಟಿ

ಹರಪನಹಳ್ಳಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ರೊಟ್ಟಿ ಮನೆ ಇದೆ. ಊರಿನ ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಜೋಳದ ರೊಟ್ಟಿ ಹೋಗುವುದು ಅಲ್ಲಿಂದಲೇ. ಆ ಮನೆಯಾಕೆ ಹೋದ ವರ್ಷ ಒಂದು ಹುಡುಗಿಯನ್ನು ಸಾಕಲು ಕರೆತಂದರು. ದತ್ತು ಅಲ್ಲ. ತಾಯಿ ತೀರಿಹೋಗಿ ತಂದೆ ಎಲ್ಲಿದ್ದಾನೋ ಗೊತ್ತಿಲ್ಲದ ಮಗುವನ್ನು ಸರ್ಕಾರ ಒಂದು ಕುಟುಂಬಕ್ಕೆ ಒಪ್ಪಿಸುತ್ತದೆ, ಆಗಾಗ ಬಂದು ನೋಡುತ್ತದೆ, ಸರಿ ಕಾಣದಿದ್ದರೆ ವಾಪಸು ಕರೆದೊಯ್ಯುತ್ತದೆ. ಹುಡುಗಿ ಹಂಪಸಾಗರದ ಕಡೆಯವಳು, ಐದನೇ ಕ್ಲಾಸು. ಇಂಥ ಮಕ್ಕಳಿಗೆ ಪುಕ್ಕಟೆ ಪಾಠ ಹೇಳುವವರು ಬೇಕೆಂದು ಮಕ್ಕಳ ರಕ್ಷಣೆಯ ಕಚೇರಿಯವರು ಕೇಳಿದಾಗ ಹೆಸರು ಕೊಟ್ಟವಳು ನಾನೇ. ಆಸ್ಪತ್ರೆಯ ಲ್ಯಾಬಿನ ಕೆಲಸ ಮುಗಿಸಿ ಸಂಜೆ ಅವಳಿಗೆ ಲೆಕ್ಕ ಹೇಳಿಕೊಡಲು ಹೋಗುತ್ತಿದ್ದೆ.

ನಾವು ಪಡಸಾಲೆಯಲ್ಲಿ ಕೂತರೆ ಒಳಗಿನಿಂದ ತಪತಪ ರೊಟ್ಟಿ ಬಡಿಯುವ ಸದ್ದು. ಹುಡುಗಿಯ ಕಣ್ಣು ಪುಸ್ತಕದ ಮೇಲಿದ್ದರೂ ಕಿವಿ ಅಲ್ಲೇ. ಒಳಗೆ ಹೋಗಲು ಮಾತ್ರ ಅಪ್ಪಣೆ ಇರಲಿಲ್ಲ. ಹೊಸ್ತಿಲಿಗೆ ಬಂದರೆ ಸಾಕು, ಆಕೆ ರೇಗುತ್ತಿದ್ದರು. “ಬೆಂಕಿ ಹತ್ರ ಯಾಕ ಬರ್ತಿ? ಹೋಗು, ಓದ್ಕೋ ಹೋಗು!” ಹುಡುಗಿ ಮುಖ ಸಪ್ಪೆ ಮಾಡಿಕೊಂಡು ಬಂದು ಕೂರುತ್ತಿದ್ದಳು. ಲೆಕ್ಕ ತಪ್ಪಿದರಂತೂ ಹಾಳೆ ಹರಿಯುವ ಹಾಗೆ ಅಳಿಸಿ, ಯಾರಾದರೂ ನೋಡಿದರೇನೋ ಎಂದು ಅಡುಗೆಮನೆಯ ಕಡೆ ನೋಡುತ್ತಿದ್ದಳು. ನನ್ನದೋ ಮೂಗಿನ ತುದಿಯ ಸಿಟ್ಟು. “ಒಂದು ಲೆಕ್ಕ ತಪ್ಪಿದ್ರ ಊರೇನು ಮುಳುಗೋದಿಲ್ಲ” ಎಂದು ಗದರುತ್ತಿದ್ದೆ. ಅವಳು ನಂಬುತ್ತಿರಲಿಲ್ಲ.

ಇಲ್ಲಿಗೆ ಬರುವ ಮುಂಚೆ ಅವಳು ಸಂಬಂಧಿಕರೊಬ್ಬರ ಮನೆಯಲ್ಲಿದ್ದಳು. ಕಸಮುಸುರೆಯೆಲ್ಲ ಅವಳ ತಲೆಗೇ. ಜ್ವರ ಬಂದು ಮಲಗಿದಾಗ ಇನ್ನು ಸಾಕಲು ಆಗುವುದಿಲ್ಲವೆಂದು ಕಳಿಸಿಬಿಟ್ಟರಂತೆ.

ಹೊಸಪೇಟೆಯ ಆ ಕಚೇರಿಯಿಂದ ಮೇಡಂ ಒಬ್ಬರು ವಿಚಾರಣೆಗೆ ಬರುತ್ತಾರೆಂದು ತಿಳಿದಾಗ ಮನೆಯಾಕೆ ಹೆದರಿಬಿಟ್ಟರು. ರೊಟ್ಟಿ ವ್ಯಾಪಾರದವರಿಗೆ ಹೆಣ್ಣುಮಗು ಯಾಕೆ ಬೇಕಾಯಿತು, ದುಡಿಸಿಕೊಳ್ಳಲಿಕ್ಕೇ ಅಲ್ಲವೇ ಎಂಬ ಓಣಿಯ ಮಾತು ಕಚೇರಿಯವರೆಗೂ ಹೋಗಿತ್ತು. ಮೇಡಂ ಒಪ್ಪಿದರೆ ಹುಡುಗಿ ಇಲ್ಲಿ ಉಳಿಯುತ್ತಾಳೆ, ಇಲ್ಲದಿದ್ದರೆ ಬಾಲಮಂದಿರ. “ಆವತ್ತು ನೀವೂ ಇರ್ರಿ ಅಕ್ಕಾರೆ” ಎಂದು ಆಕೆ ನನ್ನ ಕೈ ಹಿಡಿದುಕೊಂಡರು.

ಮೇಡಂ ಬಂದರು, ಚಾಪೆಯ ಮೇಲೆ ಕೂತರು, ಹುಡುಗಿಯನ್ನು ಹತ್ತಿರ ಕರೆದು ನಗುತ್ತಾ ಕೇಳಿದರು. “ಇಲ್ಲಿ ದಿನಾ ಏನೇನು ಮಾಡ್ತೀಯವ್ವ?”

ಓದುತ್ತೇನೆ ಅನ್ನುತ್ತಾಳೆಂದು ನಾನು ಕಾದೆ. ಹುಡುಗಿ ಸೆಟೆದು ನಿಂತಳು. “ದಿನಾ ಒಂದು ಬುಟ್ಟಿ ರೊಟ್ಟಿ ಬಡಿತೀನ್ರಿ ಮೇಡಂ. ನೀರು ತರ್ತೀನಿ, ಭಾಂಡೆ ತಿಕ್ತೀನಿ. ನನಗ ಎಲ್ಲಾ ಕೆಲಸ ಬರತೈತ್ರಿ.”

ಮೇಡಂ ಅವರ ನಗು ನಿಂತಿತು. “ಅಯ್ಯೋ, ಹಂಗಲ್ರಿ ಮೇಡಂ” ಎಂದು ನಾನು ಬಾಯಿ ಹಾಕಿದೆ.

“ನೀವು ಸುಮ್ನಿರ್ರಿ. ಮಗು ಹೇಳ್ತೈತಿ.”

ನನಗೆ ಮೈಯೆಲ್ಲ ಉರಿಯಿತು. ಅವರು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಇನ್ನಷ್ಟು ಉರಿಯಿತು. ಮಗು ಒಂದು ಹೇಳಿ ದೊಡ್ಡವರು ಇನ್ನೊಂದು ಹೇಳಿದರೆ ನಾನಾದರೂ ಮಗುವನ್ನೇ ನಂಬುತ್ತಿದ್ದೆ. ಕೆಲಸ ಬರುವವಳನ್ನು ಯಾರೂ ಕಳಿಸುವುದಿಲ್ಲವೆಂದು ಈ ಹುಚ್ಚು ಹುಡುಗಿ ತಿಳಿದಿದ್ದಾಳೆ, ಆ ಮಾತೇ ಅವಳನ್ನು ಇಲ್ಲಿಂದ ಎಬ್ಬಿಸುತ್ತದೆ, ನಾನು ನೋಡುತ್ತಾ ಕೂತಿದ್ದೇನೆ.

ಮೇಡಂ ಎದ್ದರು. “ಹಂಗಾದ್ರ ನನಗೊಂದು ರೊಟ್ಟಿ ಮಾಡಿಕೊಡು, ನೋಡೋಣ. ಯಾರೂ ಹೇಳಿಕೊಡಬ್ಯಾಡ್ರಿ.”

ಹುಡುಗಿ ಮೊದಲ ಸಲ ಆ ಹೊಸ್ತಿಲು ದಾಟಿದಳು. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಅದರ ಕಡೆ ನೋಡಲೂ ಇಲ್ಲ, ಕೊಡದಿಂದ ತಣ್ಣೀರು ಬಗ್ಗಿಸಿ ಹಿಟ್ಟಿಗೆ ಸುರಿದಳು. ನಮ್ಮ ಕಡೆ ಒಮ್ಮೆಯಾದರೂ ರೊಟ್ಟಿ ಬಡಿದವರು ಹಾಗೆ ಮಾಡುವುದಿಲ್ಲ. ಕುದಿಯುವ ನೀರು ಬೀಳದಿದ್ದರೆ ಜೋಳದ ಹಿಟ್ಟಿಗೆ ಜಿಗುಟು ಎಲ್ಲಿಂದ ಬರಬೇಕು? ಮೇಡಂ ತಟ್ಟನೆ ನನ್ನ ಮುಖ ನೋಡಿದರು. ಮನೆಯಾಕೆಯ ಕೈ ತಾನಾಗಿ ಮುಂದೆ ಹೋಯಿತು, ಆಕೆ ಅದನ್ನು ಹಿಂದಕ್ಕೆಳೆದು ಸೆರಗು ಹಿಡಿದುಕೊಂಡರು.

ಹುಡುಗಿ ಬಡಿಯತೊಡಗಿದಳು. ಸದ್ದು ಮಾತ್ರ ಥೇಟ್ ಆಕೆಯದೇ, ಅದೇ ತಪತಪ, ಅದೇ ಲಯ. ದಿನವೂ ಪಡಸಾಲೆಯಲ್ಲಿ ಕೂತು ಕಲಿತದ್ದು ಅಷ್ಟೇ. ರೊಟ್ಟಿಯ ಅಂಚೆಲ್ಲ ಬಿರಿಯಿತು. ಎತ್ತಿದರೆ ಕೈಯಲ್ಲೇ ಚೂರುಚೂರಾಯಿತು. ಬಳಿದು ಮತ್ತೆ ಬಡಿದಳು, ಮತ್ತೆ ಚೂರು.

“ಸಾಕವ್ವ” ಅಂದರು ಮೇಡಂ.

“ಬರತೈತ್ರಿ ಮೇಡಂ, ಇವತ್ತಷ್ಟ ಹಿಂಗಾತು! ನನ್ನ ಕಳಸಬ್ಯಾಡ್ರಿ, ನಾಳೆ ಚಲೋ ಮಾಡ್ತೀನಿ!” ಹುಡುಗಿ ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡು ಬಿಕ್ಕಿದಳು.

ಮೇಡಂ ಅವಳ ಮುಂದೆ ನೆಲದ ಮೇಲೇ ಕೂತರು. “ಖರೇ ಹೇಳು. ಈ ಮನ್ಯಾಗ ಒಂದಿನಾನಾದ್ರೂ ನಿನ್ನ ಕೈಲೆ ರೊಟ್ಟಿ, ನೀರು, ಭಾಂಡೆ ಯಾವುದಾದ್ರೂ ಕೆಲಸ ಮಾಡಿಸ್ಯಾರೇನು?”

ಹುಡುಗಿ ದೊಡ್ಡ ತಪ್ಪು ಒಪ್ಪಿಕೊಳ್ಳುವವಳಂತೆ ಇಲ್ಲವೆಂದು ತಲೆಯಾಡಿಸಿದಳು.

“ಇಲ್ಲೇ ಇರ್ಲಿ ಬಿಡ್ರಿ” ಎಂದರು ಮೇಡಂ, ಮನೆಯಾಕೆಯ ಕಡೆ ತಿರುಗಿ. ಆಕೆ ಒಲೆಯ ಪಕ್ಕ ಕುಸಿದು ಕೂತು ಅಳತೊಡಗಿದರು. ನನಗೂ ತಡೆಯಲಾಗಲಿಲ್ಲ.

ಹುಡುಗಿಗೆ ಒಂದೂ ತಿಳಿಯಲಿಲ್ಲ. ರೊಟ್ಟಿ ಕೆಟ್ಟಿತು, ಆದರೂ ಯಾರೂ ಬೈಯುತ್ತಿಲ್ಲ. ಆಕೆಯ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು. “ದೊಡ್ಡಮ್ಮ, ರೊಟ್ಟಿ ಬರದಿದ್ರೂ ಇಲ್ಲಿ ಇರಬೋದಾ?”

“ಇರಬೋದವ್ವ. ಏನೂ ಬರದಿದ್ರೂ ಇರಬೋದು.”

ಅವಳು ನನ್ನ ಕಡೆ ತಿರುಗಿದಳು.

“ಲೆಕ್ಕ ತಪ್ಪಿದ್ರೂ ಇರಬೋದಾ, ಮಿಸ್?”

ಹೌದು ಅಂದೆ. ಈ ಸಲವಾದರೂ ಅವಳು ನಂಬಲಿ ಎಂದು ಇನ್ನೊಮ್ಮೆ ಗಟ್ಟಿಯಾಗಿ ಅಂದೆ.