ಕಟ್ಟೆಯ ಕಡೆಗಿದ್ದ ರೂಟರ್

ದಾಂಡೇಲಿಯ ಕಾಗದ ಕಾರ್ಖಾನೆಯ ತಪಾಸಣೆ ಕೋಣೆಯಲ್ಲಿ ಈಶಪ್ಪ ಮೂವತ್ತೊಂದು ವರ್ಷ ಕೆಲಸ ಮಾಡಿದರು. ಹೊಸ ರೀಲಿನಿಂದ ತುಂಡು ಕತ್ತರಿಸುವುದು, ತಕ್ಕಡಿಗೆ ಇಡುವುದು, ಬಂದ ತೂಕ ಬರೆಯುವುದು. ಮಾತು ಬೇಡದ ಕೆಲಸ. ಮನೆಯಲ್ಲಿ ಆಡಬೇಕಾದ ಮಾತನ್ನೆಲ್ಲ ಹೆಂಡತಿ ಶಂಕ್ರವ್ವ ಆಡುತ್ತಿದ್ದಳು. ಆಕೆ ಮುಂಡಗೋಡ ತಾಲೂಕಿನ ಇಂದೂರಿನವಳು. ಸಂಜೆಯಾದರೆ ಸಾಲುಮನೆಗಳ ಹೆಂಗಸರೆಲ್ಲ ಅವರ ಕಟ್ಟೆಯ ಮೇಲೆ. ಈಶಪ್ಪ ಒಳಗೆ ಕುಳಿತು ಆ ಗದ್ದಲ ಕೇಳುತ್ತಿದ್ದರು. ಮಕ್ಕಳಿರಲಿಲ್ಲ, ಇಲ್ಲವೆಂದು ಆ ಗದ್ದಲದಲ್ಲಿ ನೆನಪಾಗುತ್ತಲೂ ಇರಲಿಲ್ಲ.

ಮೂರು ವರ್ಷದ ಹಿಂದೆ ಶಂಕ್ರವ್ವ ತೀರಿಕೊಂಡಳು. ತಿಂಗಳೊಪ್ಪತ್ತಿನಲ್ಲಿ ಕಟ್ಟೆ ಖಾಲಿಯಾಯಿತು. ಯಾರೂ ಜಗಳವಾಡಿ ಬಿಟ್ಟದ್ದಲ್ಲ. ಬರಲು ಕಾರಣವಿರಲಿಲ್ಲ, ಅಷ್ಟೆ.

ಅದಾದ ಮೇಲೆ, ನಿವೃತ್ತಿಯ ವರ್ಷ, ಈಶಪ್ಪ ಮನೆಗೆ ಇಂಟರ್‌ನೆಟ್ ಹಾಕಿಸಿದರು. ಅದೇ ವಾರ ಪಕ್ಕದ ಮನೆಯ ಸುನಂದಾ ಬಂದು ಪಾಸ್‌ವರ್ಡ್ ಕೇಳಿದಳು. ಬಟ್ಟೆ ಹೊಲಿಯುವವಳು, ಹೊಸ ಹೊಸ ಕುಪ್ಪಸದ ಮಾದರಿ ನೋಡಬೇಕಿತ್ತು. ಆ ಸಾಲಿಗೆ ನಳ ಒಂದೇ. ನೀರು ಕೇಳಿದವರಿಗೆ ಇಲ್ಲವೆನ್ನುವ ರೂಢಿ ಅಲ್ಲಿಲ್ಲ. ನೆಟ್ಟಿಗೂ ಅದೇ ರೂಢಿ ಬಂತು. ಸುನಂದಾಳಿಂದ ಆಟೊ ಓಡಿಸುವ ದ್ಯಾಮಪ್ಪನಿಗೆ, ದ್ಯಾಮಪ್ಪನಿಂದ ಉಳಿದ ಮನೆಗಳಿಗೆ ಪಾಸ್‌ವರ್ಡ್ ಹೋಯಿತು. ರೂಟರನ್ನು ಕಟ್ಟೆಯ ಕಡೆಯ ಕಿಟಕಿಯಲ್ಲಿ ಇಡಿಸಿದವರು ಸ್ವತಃ ಈಶಪ್ಪ. ಸಿಗ್ನಲ್ ಹೊರಗೆ ಚೆನ್ನಾಗಿ ಸಿಗುತ್ತಿತ್ತು. ಸಂಜೆ ಆರಕ್ಕೆ ಕಟ್ಟೆ ಮತ್ತೆ ತುಂಬುತ್ತಿತ್ತು, ತಲೆಗಳೆಲ್ಲ ಫೋನಿನ ಮೇಲೆ ಬಗ್ಗಿರುತ್ತಿದ್ದವು. ಎದ್ದು ಹೋಗುವಾಗ ಯಾರಾದರೊಬ್ಬರು ಕಿಟಕಿಗೆ ಮುಖ ಮಾಡಿ, “ಊಟ ಆತೇನ್ರಿ ಕಾಕಾ?” ಎನ್ನುತ್ತಿದ್ದರು. ಈಶಪ್ಪನಿಗೆ ಅಷ್ಟು ಸಾಕಿತ್ತು. ಅಷ್ಟಕ್ಕಾಗಿ ನಾಲ್ಕು ಗಂಟೆಯಿಂದಲೇ ಕಾಯುತ್ತಿದ್ದರು.

ಹೋದ ತಿಂಗಳು ಒಂದು ಸಂದೇಶ ಬಂತು. ಶಂಕ್ರವ್ವನ ಫೋನಿನ ಫೋಟೊ, ವಿಡಿಯೊಗಳನ್ನೆಲ್ಲ ತನ್ನಲ್ಲಿ ಇಟ್ಟುಕೊಂಡಿದ್ದ ಕಂಪನಿ ವ್ಯವಹಾರ ಮುಚ್ಚುತ್ತಿತ್ತು. ಮೂವತ್ತನೇ ತಾರೀಖಿನೊಳಗೆ ಇಳಿಸಿಕೊಳ್ಳದಿದ್ದರೆ ಎಲ್ಲವೂ ಅಳಿಸಿಹೋಗುತ್ತದೆ. ಒಂದೇ ದೊಡ್ಡ ಗಂಟು, ಇಪ್ಪತ್ತೇಳು ಜಿಬಿ. ಆಕೆಯ ಫೋನು ಎಂದೋ ಕೆಟ್ಟಿತ್ತು. ಆಕೆಯ ದನಿ ಉಳಿದಿದ್ದರೆ ಅದು ಈ ಗಂಟಿನಲ್ಲಿ ಮಾತ್ರ.

ಈಶಪ್ಪ ಲೆಕ್ಕ ಹಾಕಿದರು. ತಮ್ಮದು ನೂರರ ಪ್ಲಾನು. ಸೆಕೆಂಡಿಗೆ ನೂರು ಎಂಬಿಯಂತೆ ಬಂದರೆ ನಾಲ್ಕೂವರೆ ನಿಮಿಷ. ಚಹಾ ಕುದಿಯಲು ಇಟ್ಟು ಬಟನ್ ಒತ್ತಿದರು. ಚಹಾ ಕುದಿದು, ಆರಿ, ಕೆನೆ ಕಟ್ಟಿತು. ಲ್ಯಾಪ್‌ಟಾಪು ಇನ್ನೂ ಏಳೂವರೆ ತಾಸು ಎನ್ನುತ್ತಿತ್ತು. ಐದನೇ ತಾಸಿಗೆ ಕರೆಂಟು ಹೋಯಿತು. ಮತ್ತೆ ಹಚ್ಚಿದರೆ ಮೊದಲಿನಿಂದ. ಹೀಗೆ ಮೂರು ಸಲ.

ಮೂವತ್ತನೇ ತಾರೀಖು, ಮಧ್ಯಾಹ್ನ ನಾಲ್ಕಕ್ಕೆ, ಹಳಿಯಾಳದಿಂದ ಇಂಟರ್‌ನೆಟ್ ಕಂಪನಿಯ ಲೈನ್‌ಮನ್ ಕಿರಣಕುಮಾರ ಬಂದ.

“ನೂರು ಅಂತ ಹೇಳಿ ಒಂದು ಕೊಡತೀರಿ. ಇದೇನು ನ್ಯಾಯ ತಮ್ಮಾ?”

ಕಿರಣಕುಮಾರನಿಗೆ ಇದು ದಿನದ ಪಾಠ. “ಕಾಕಾ, ಪ್ಲಾನಿನ ನೂರು ಬಿಟ್ಟಿನ ಲೆಕ್ಕ. ನಿಮ್ಮ ಗಂಟು ಬೈಟಿನ ಲೆಕ್ಕ. ಎಂಟು ಬಿಟ್ ಕೂಡಿದ್ರ ಒಂದು ಬೈಟ್. ಅಲ್ಲಿಗೆ ನೂರು ಹೋಗಿ ಹನ್ನೆರಡೂವರಿ ಆತು.”

“ಹನ್ನೆರಡೂವರಿನಾದ್ರೂ ಬರಬೇಕಲ್ಲ?”

ಅವನು ರೂಟರಿನಿಂದ ಲ್ಯಾಪ್‌ಟಾಪಿಗೆ ವೈರು ಹಚ್ಚಿ ಏನೋ ನೋಡಿದ. ಆಮೇಲೆ ಪರದೆಯನ್ನು ಈಶಪ್ಪನ ಕಡೆ ತಿರುಗಿಸಿದ. “ಲೈನಿಂದೇನೂ ತಪ್ಪಿಲ್ರಿ. ಇಲ್ಲೆ ನೋಡ್ರಿ. ಹತ್ತೊಂಬತ್ತು ಫೋನು, ನಾಕು ಟಿವಿ. ಇದು ಮನಿ ನೆಟ್ಟೋ, ಬಸ್‌ಸ್ಟ್ಯಾಂಡಿನ ಅರವಟಿಗಿಯೋ? ಅದೂ ರೂಟರ್ ಕಿಟಕ್ಯಾಗ. ನೀವು ಎರಡು ಗ್ವಾಡಿ ಆಚೆ ಕುಂತೀರಿ. ಊರ ಮಂದಿ ಎಲ್ಲಾ ಉಂಡು ಉಳಿದಿದ್ದು ನಿಮಗ.”

ಕಾರ್ಖಾನೆಯ ಯಂತ್ರದ ಮೇಲೆ ಬರೆದ ಟನ್ನು ಬೇರೆ, ಗೇಟಿನಿಂದ ಹೊರಬೀಳುವ ಟನ್ನು ಬೇರೆ. ಅಂಚು ಕತ್ತರಿಸಿದ್ದು, ನಡುವೆ ಹರಿದದ್ದು, ಮತ್ತೆ ತಿರುಳಿಗೆ ಹೋದದ್ದು, ಎಲ್ಲ ಕಳೆದ ಮೇಲೆ ಉಳಿಯುವುದನ್ನು ಮೂವತ್ತೊಂದು ವರ್ಷ ತೂಗಿದ ಕೈ ಈಶಪ್ಪನದು. ಹೇಳಿದ್ದು ಅರ್ಥವಾಯಿತು.

“ಇವತ್ತ ಕಡೀ ದಿನ. ಏನ್ ಮಾಡೂಣು?”

“ಪಾಸ್‌ವರ್ಡ್ ಬದಲಿ ಮಾಡ್ರಿ, ವೈರ್ ಹಚ್ಚೇ ಇಡ್ರಿ. ಕಡೀ ದಿನ ಅಂದ್ರ ಆ ಕಂಪನಿ ಬಾಗಲದಾಗೂ ನೂಕಾಟ ಇರ್ತೈತಿ, ಸ್ವಲ್ಪ ತಡ ಆಗ್ತೈತಿ. ಏಳರೊಳಗ ಮುಗೀಬಹುದು.” ಅವನೇ ಪಾಸ್‌ವರ್ಡ್ ಬದಲಿಸಿ, ರೂಟರನ್ನು ಒಳಗಿನ ಮೇಜಿಗೆ ತಂದಿಟ್ಟ. ಹೋಗುವಾಗ ಬಾಗಿಲಲ್ಲಿ ನಿಂತು, “ಮಂದಿಗೊಂದು ಮಾತು ಹೇಳಿಬಿಡ್ರಿ ಕಾಕಾ” ಎಂದ.

ಒಂದು ಮಾತು ಸಾಕಿತ್ತು. ಆದರೆ ಅಂಥ ಮಾತು ಹೇಳುವವಳು ಶಂಕ್ರವ್ವ. ಈಶಪ್ಪ ಪರದೆಯ ಮುಂದೆ ಕುಳಿತರು. ಹನ್ನೆರಡೂವರೆ ಬರಲಿಲ್ಲ, ಮೂರು ಬಂತು. ಆ ಮೂರು ತಡೆಯಿಲ್ಲದೆ ಬಂತು.

ಆರಕ್ಕೆ ಕಟ್ಟೆಯ ಮೇಲೆ ಚಪ್ಪಲಿ ಸದ್ದು. ಆಮೇಲೆ ದ್ಯಾಮಪ್ಪನ ದನಿ. “ನಂದೊಂದು ಹಿಡಿಯವಲ್ತೋ, ಎಲ್ಲಾರ್ದೂ?” ಸುನಂದಾ ಕಿಟಕಿಯಲ್ಲಿ ಇಣುಕಿದಳು.

“ಕಾಕಾ, ನೆಟ್ ಹೋಗೇತೇನ್ರಿ?”

“ಹೂಂ. ಲೈನ್ ಹೋಗೇತಿ.”

ಆಕೆಯ ಕಣ್ಣು ತೆರೆದ ಬಾಗಿಲಿನಾಚೆ ಒಳಗಿನ ಮೇಜಿಗೆ ಹೋಯಿತು. ರೂಟರಿನ ಹಸಿರು ದೀಪ ಮಿಣುಕುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ನೀಲಿ ಪಟ್ಟಿ ಅರ್ಧ ದಾಟಿತ್ತು. ಸುನಂದಾ “ಇರ್ಲಿ ಬಿಡ್ರಿ” ಎಂದಳು. ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಪಿಸುಮಾತು, ಆಮೇಲೆ ದ್ಯಾಮಪ್ಪ ಬೇಕೆಂದೇ ಜೋರಾಗಿ ಅಂದ, “ಏಳ್ರಿ ಏಳ್ರಿ, ನಳ ಬಂದ್ ಆಗೇತಿ.” ಯಾರೋ ನಕ್ಕರು. ಆ ಸಂಜೆ ಊಟವಾಯಿತೇ ಎಂದು ಯಾರೂ ಕೇಳಲಿಲ್ಲ.

ಏಳಕ್ಕೆ ಹತ್ತು ನಿಮಿಷವಿರುವಾಗ ಗಂಟು ಪೂರ್ತಿ ಇಳಿಯಿತು. ಈಶಪ್ಪ ಕೈಗೆ ಸಿಕ್ಕ ಮೊದಲ ವಿಡಿಯೊ ತೆರೆದರು. ಇದೇ ಕಟ್ಟೆ. ಹೆಂಗಸರು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಾರೆ. ಫೋನು ಹಿಡಿದವಳು ಶಂಕ್ರವ್ವ, ಮುಖ ಕಾಣದು. ಸುನಂದಾ ನಗುತ್ತ, “ಕಾಕಾ ಎಲ್ಲಿ?” ಎನ್ನುತ್ತಾಳೆ. ಫೋನು ಕಿಟಕಿಯ ಕಡೆ ತಿರುಗುತ್ತದೆ; ಒಳಗೆ ಕತ್ತಲು, ಒಂದು ಬಿಳಿ ಅಂಗಿ. ಶಂಕ್ರವ್ವನ ದನಿ: “ಏನ್ರಿ, ಕಾವಿಗೆ ಕುಂತ ಕೋಳಿಗತೆ ಒಳಗ ಕುಂತೀರಲ್ಲ, ಹೊರಗ ಬರ್ರಿ. ಮಂದಿ ಏನ್ ತಿಂತಾರೇನು ನಿಮ್ಮನ್ನ?” ಅಂಗಿ ಅಲುಗುವುದಿಲ್ಲ. ಹೆಂಗಸರೆಲ್ಲ ನಗುತ್ತಾರೆ. ಮೂವತ್ತೆರಡು ಸೆಕೆಂಡು.

ಈಶಪ್ಪ ಅದನ್ನು ನಾಲ್ಕು ಸಲ ನೋಡಿದರು.

ಮರುದಿನ ಬೆಳಿಗ್ಗೆ ಕಿರಣಕುಮಾರನಿಗೆ ಫೋನು ಮಾಡಿ ಕೇಳಿಕೊಂಡು ಹಳೆಯ ಪಾಸ್‌ವರ್ಡನ್ನೇ ಹಾಕಿದರು. ರೂಟರನ್ನು ಮತ್ತೆ ಕಿಟಕಿಗೆ ತಂದಿಟ್ಟರು. ಸಂಜೆ, ಆ ಮನೆಗೆ ಬಂದ ಮೇಲೆ ಮೊದಲ ಸಲ, ಕುರ್ಚಿ ಬಿಟ್ಟು ಕಟ್ಟೆಯ ಮೇಲೆ ಕುಳಿತರು. ಆರಾಯಿತು, ಏಳಾಯಿತು. ಎದುರಿನ ಮನೆಯ ನಾಯಿ ಬಂದು ಮೂಸಿ ಹೋಯಿತು.

ನಾಲ್ಕನೇ ಸಂಜೆ ಸುನಂದಾಳ ಬಾಗಿಲಿಗೆ ಹೋದರು. ಹೆಂಡತಿಯ ವಿಷಯವೆಲ್ಲ ಹೇಳಬೇಕೆಂದು ದಾರಿಯಲ್ಲಿ ಮಾತು ಜೋಡಿಸಿಕೊಂಡಿದ್ದರು. ದಾರಿಯೆಂದರೆ ಹನ್ನೊಂದು ಹೆಜ್ಜೆ. ಆಕೆ ಹೊಲಿಗೆ ಯಂತ್ರದಿಂದ ತಲೆ ಎತ್ತಿದಳು.

“ಬರ್ರಿ ಕಾಕಾ.”

“ನೆಟ್ ಸರಿ ಆಗೇತಿ.”

“ಹೌದೇನ್ರಿ? ಚಲೋ ಆತು.” ದಾರ ಕಚ್ಚಿ ಕಡಿದಳು. “ನಾನೂ ದ್ಯಾಮಣ್ಣಾನೂ ಕೂಡಿ ಬ್ಯಾರೆ ಹಾಕಿಸೇವ್ರಿ. ನಿಮಗ ಸುಮ್ನ ತ್ರಾಸ ಯಾಕ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಉತ್ತರ ಕೊಡಬಹುದಿತ್ತು. ಈಶಪ್ಪ “ಹೂಂ” ಎಂದು ಹಿಂದಿರುಗಿದರು.

ಕಟ್ಟೆಯ ಮೇಲೆ ಕುಳಿತು, ಕಿರಣಕುಮಾರ ಕಲಿಸಿದ್ದಂತೆ ಫೋನಿನಲ್ಲಿ ವೇಗ ಅಳೆದರು. ತೊಂಬತ್ತನಾಲ್ಕು. ನೆಟ್ಟಿಗೆ ಜೋಡಣೆಯಾದ ಫೋನುಗಳ ಪಟ್ಟಿ ತೆರೆದರು. ತಮ್ಮದೊಂದೇ ಇತ್ತು. ರೂಟರ್ ಕಿಟಕಿಯಲ್ಲೇ ಇತ್ತು. ಅದನ್ನು ಒಳಗೆ ತರಲಿಲ್ಲ.