ದೊಡ್ಡವ್ವನ ನೆಲಬೇವು

ಕಹಿಗೂ ಒಂದು ವಾಸನೆ ಇದೆ. ಧಾರವಾಡದ ನಮ್ಮ ಪ್ರಯೋಗಾಲಯದಲ್ಲಿ ಒಣಗಿದ ನೆಲಬೇವನ್ನು ಪುಡಿ ಮಾಡುವ ದಿನ ಅದು ಮೂಗಿಗಿಂತ ಮೊದಲು ಗಂಟಲಿಗೆ ತಾಗುತ್ತದೆ, ನಾನು ನಮ್ಮೂರು ಅಮ್ಮಿನಬಾವಿಯ ಹಳೆಯ ಅಡುಗೆಮನೆಯಲ್ಲಿ ನಿಂತಿರುತ್ತೇನೆ. ಒಲೆಯ ಮೇಲೆ ಸಣ್ಣ ಗಡಿಗೆಯಲ್ಲಿ ಕಷಾಯ ಕುದಿಯುತ್ತಿತ್ತು. ದೊಡ್ಡವ್ವ ಸೆರಗಿನಿಂದ ಹೊಗೆ ಸರಿಸುತ್ತ ಕೂತಿರುತ್ತಿದ್ದಳು. ಪಡಸಾಲೆಯಲ್ಲಿ ಹತ್ತಿಯ ಮೂಟೆಗೆ ಒರಗಿ ದೊಡ್ಡಪ್ಪ. ನಾಲ್ಕು ಜೋಳದ ರೊಟ್ಟಿ ತಿಂದು ಐದನೆಯದಕ್ಕೆ ಕೈ ಚಾಚುತ್ತಿದ್ದ ಮನುಷ್ಯ, ನಾನಿನ್ನೂ ಶಾಲೆಗೆ ಹೋಗುತ್ತಿದ್ದ ಆ ವರ್ಷ ಅರ್ಧ ರೊಟ್ಟಿಗೇ ಹೊಟ್ಟೆ ತುಂಬಿತೆಂದು ಗಂಗಾಳ ಸರಿಸತೊಡಗಿದ್ದ. ನಿಮ್ಮ ಮನೆಯಲ್ಲೂ ಹೀಗೆ ಊಟ ಬಿಟ್ಟು ಎದ್ದವರೊಬ್ಬರು ಇದ್ದಿರಬಹುದು.

ವಿದ್ಯಾನಗರದ ದೊಡ್ಡ ದವಾಖಾನೆಯ ಡಾಕ್ಟರರು ಹೊಟ್ಟೆಯ ಕ್ಯಾನ್ಸರ್ ಎಂದರು, ಆಪರೇಶನ್ನಿಗೆ ತಡಮಾಡಬೇಡಿ ಎಂದರು. ದೊಡ್ಡಪ್ಪ ಹತ್ತಿ ಬಿಡಿಸುವುದು ಮುಗಿಯಲಿ ಎಂದ, ಆಮೇಲೆ ಹಬ್ಬ ಮುಗಿಯಲಿ ಎಂದ. ಆ ನಡುವೆ ದೊಡ್ಡವ್ವ ಯಾರದೋ ಮಾತು ಕೇಳಿ ನೆಲಬೇವು ಕಿತ್ತು ತಂದಳು. ಕುಡಿದ ವಾರಕ್ಕೆ ದೊಡ್ಡಪ್ಪ ಹೊಟ್ಟೆಯ ಉರಿ ಕಡಿಮೆಯಾಗಿದೆ ಎಂದ. ಒಂದು ಸಂಜೆ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಇಡೀ ರೊಟ್ಟಿ ತಿಂದ. ಮನೆಮಂದಿಯೆಲ್ಲ ಸುತ್ತ ನಿಂತು ನೋಡಿದರು. ದವಾಖಾನೆಯ ಮಾತು ತಾನಾಗಿಯೇ ನಿಂತಿತು. ಮತ್ತೆ ಹೋದಾಗ ರೋಗ ಲಿವರಿಗೆ ಹಬ್ಬಿತ್ತು. ಮುಂಗಾರಿನ ಬಿತ್ತನೆಗೆ ದೊಡ್ಡಪ್ಪ ಇರಲಿಲ್ಲ. ಮುಂದಿನ ವರ್ಷಗಳಲ್ಲಿ ಅಜ್ಜಿ, ಅಪ್ಪ, ಅವ್ವ ಒಬ್ಬೊಬ್ಬರಾಗಿ ಹೋದರು. ಮನೆ ಮಾರಿ, ದೊಡ್ಡವ್ವನನ್ನು ನನ್ನ ಬಳಿ ಕರೆತಂದೆ.

ಈಗ ನನ್ನ ಕೆಲಸವೇ ಆ ಸೊಪ್ಪಿನ ಮೇಲೆ. ನೆಲಬೇವಿನ ಕಹಿ ಸತ್ವವನ್ನು ಬೇರ್ಪಡಿಸಿ, ಹೊಟ್ಟೆಯ ಕ್ಯಾನ್ಸರಿನ ಜೀವಕೋಶಗಳ ಮೇಲೆ ಹಾಕಿ ನೋಡುತ್ತೇವೆ. ಕೆಲವು ಸಾಯುತ್ತವೆ. ಆದರೆ ಪ್ರಯೋಗಾಲಯದ ತಟ್ಟೆಯಲ್ಲಿ ಸತ್ತದ್ದು ಮನುಷ್ಯನ ಹೊಟ್ಟೆಯಲ್ಲೂ ಸಾಯುತ್ತದೆಂದು ಹೇಳಲು ಬರುವುದಿಲ್ಲ. ಗಡಿಗೆಯಲ್ಲಿ ಕುದಿಸಿದ್ದರಲ್ಲಿ ಆ ಸತ್ವ ಎಷ್ಟಿತ್ತೋ ಅದೂ ತಿಳಿಯದು. ಹೋದ ವಾರ ಇದನ್ನೆಲ್ಲ ದೊಡ್ಡವ್ವನಿಗೆ ಬಿಡಿಸಿ ಹೇಳಿದೆ. ಅವಳು ಕೊನೆಯವರೆಗೂ ಕೇಳಿದಳು.

"ಅಂದ್ರ ನಾ ಕೊಟ್ಟಿದ್ದು ಛಲೋ ಆತೊ ಕೆಟ್ಟ ಆತೊ, ಅಷ್ಟ ಹೇಳವಾ."

"ಗೊತ್ತಿಲ್ಲ ದೊಡ್ಡವ್ವಾ. ಖರೇನ ಗೊತ್ತಿಲ್ಲ."

ಆ ಸೊಪ್ಪು ಇರದಿದ್ದರೆ ದೊಡ್ಡಪ್ಪ ಆಪರೇಶನ್ನಿಗೆ ಒಪ್ಪುತ್ತಿದ್ದನೇ? ಇನ್ನೊಂದು ನೆಪ ಹುಡುಕುತ್ತಿದ್ದನೇ? ಇಷ್ಟು ಓದಿದ ನನಗೂ ಅದು ಬಗೆಹರಿದಿಲ್ಲ. ದೊಡ್ಡವ್ವ ನನಗೆ ಎಂದೂ ಹೇಳದ ಮಾತೊಂದನ್ನು ಹೇಳಿದಳು.

"ಕುಡದ ಮ್ಯಾಲ ಅವರು ಮೊದಲ ನನ್ನ ಮಾರಿ ನೋಡತಿದ್ರು. ನಾ ಕೇಳೂಕಿಂತ ಮುಂಚೇನ, ಕಡಿಮಿ ಆತು ಅಂತಿದ್ರು."

ಉರಿ ನಿಜಕ್ಕೂ ಇಳಿದಿತ್ತೋ, ಅವಳ ಸಮಾಧಾನಕ್ಕೆ ಹಾಗೆ ಅನ್ನುತ್ತಿದ್ದನೋ ಎಂದುಕೊಳ್ಳುತ್ತ ಅವಳ ಪಕ್ಕ ಕೂತೆ. ಆ ದಿನಗಳನ್ನು ಕಂಡವರು ಈಗ ನಾವಿಬ್ಬರೇ. ಕೇಳೋಣವೆಂದರೆ ಮೂರನೆಯವರು ಇಲ್ಲ.